ತಿಮ್ಮಪ್ಪ ನಾಯ್ಕರ ತಂಡಿ

ಹೊನ್ನಾವರದ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವ ಮಾಲಿನಿಗೆ ಬೇಕಾಗಿದ್ದುದು ಎರಡು ವಾರದ ರಜೆ. ತಾನೇ ಮಾಡಿದ ಉಗುರಗಲದ ಚಿಪ್ ಒಂದನ್ನು ಮುಂಬಯಿಯ ಲ್ಯಾಬಿನಲ್ಲಿ ಪರೀಕ್ಷಿಸಬೇಕಿತ್ತು. ಈ ಸರದಿ ತಪ್ಪಿದರೆ ಮತ್ತೊಂದಕ್ಕೆ ವರ್ಷ ಕಾಯಬೇಕು, ಅಷ್ಟರಲ್ಲಿ ಪಿಎಚ್.ಡಿ. ಅವಧಿಯೇ ಮುಗಿದಿರುತ್ತದೆ.

ರಜೆ ಕೊಡಬೇಕಾದವರು ಆಡಳಿತ ಮಂಡಳಿಯ ಅಧ್ಯಕ್ಷ ತಿಮ್ಮಪ್ಪ ನಾಯ್ಕರು. ಬಂದರಿನ ಹತ್ತಿರ ಅವರದೊಂದು ಐಸ್ ಪ್ಲಾಂಟ್. ಬಂಗಡೆ ಮೀನು ಕೆಡದಂತೆ ಇಡುವವರು ವಿದ್ಯೆಯನ್ನೂ ಕೆಡದಂತೆ ಇಟ್ಟಾರು ಎಂದು ಊರವರು ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರು. ವಿದ್ಯೆ ಅಂದಿನಿಂದ ಹೆಪ್ಪುಗಟ್ಟಿಯೇ ಇದೆ.

ಮಾಲಿನಿ ವಿವರಿಸಿದಳು. ಎರಡು ಆಕ್ಸೈಡುಗಳು ಕೂಡುವಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪದರವಿದೆ. ತೀರಾ ತಂಪು ಮಾಡಿದರೆ ಅದು ಅತಿವಾಹಕವಾಗುತ್ತದೆ, ಅಂದರೆ ಅದರಲ್ಲಿ ಕರೆಂಟು ಎಳ್ಳಷ್ಟೂ ತಡೆಯಿಲ್ಲದೆ ಹರಿಯುತ್ತದೆ. ಪಕ್ಕದಿಂದ ಚೂರು ವೋಲ್ಟೇಜ್ ಕೊಟ್ಟರೆ ಆ ಗುಣ ಬರುತ್ತದೆ, ತೆಗೆದರೆ ಹೋಗುತ್ತದೆ.

ನಾಯ್ಕರ ಕಿವಿಗೆ ಬಿದ್ದದ್ದು ತಂಪು ಒಂದೇ.

"ತಂಡಿಗೆ ಮುಂಬಯಿಗೆ ಹೋಗೂದ್ ಎಂತಕ್ಕೆ ಮೇಡಂ? ನಮ್ಮ ಪ್ಲಾಂಟ್ ಇಲ್ವಾ?"

"ಸಾಲೂದಿಲ್ಲ ಸರ್. ಸೊನ್ನೆಗಿಂತ ಇನ್ನೂರ ಎಪ್ಪತ್ತೆರಡು ಡಿಗ್ರಿ ಕೆಳಗೆ ಹೋಗ್ಬೇಕು."

"ಆತು, ಉಪ್ಪು ಜಾಸ್ತಿ ಹಾಕುವ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮರುದಿನ ಪ್ಲಾಂಟಿನ ಬಾಗಿಲಿಗೆ 'ಅತಿವಾಹಕ ಸಂಶೋಧನಾ ಕೇಂದ್ರ' ಎಂಬ ಬ್ಯಾನರ್ ಬಂತು, ತುಂಬ ನಾಯ್ಕರದೇ ಮುಖ. ಫಿಸಿಕ್ಸನ್ನೇ ಓದಿದ ಪ್ರಿನ್ಸಿಪಾಲರು ರಿಬ್ಬನ್ ಹಿಡಿದುಕೊಂಡು, "ಉಪ್ಪಿನ ವಿಚಾರ ಒಳ್ಳೇದೇ," ಎಂದಾಗ ಮಾಲಿನಿಗೆ ಅಳುವೇ ಬಂತು.

ಅತ್ತು ಮುಗಿದ ಮೇಲೆ ತನ್ನ ಚಿಪ್ ನೆನಪಾಯಿತು. ಎದುರಿನಿಂದ ದೂಡುವುದೇಕೆ, ಪಕ್ಕದಿಂದ ಚೂರು ಕೊಟ್ಟರೆ ಸಾಕಲ್ಲ. ಭಟ್ಕಳದ ಜಾಲಿಯಲ್ಲಿ ಮೋಹನ ಎಂಬವನು ಹೊಸ ಐಸ್ ಪ್ಲಾಂಟ್ ಹಾಕಿ ನಾಯ್ಕರ ಅರ್ಧ ಗಿರಾಕಿಗಳನ್ನು ಎಳೆದುಕೊಂಡಿದ್ದ.

"ಆತು ಸರ್, ಇಲ್ಲೇ ಮಾಡುವ," ಎಂದಳು ಮಾಲಿನಿ. "ಅದಕ್ಕೂ ಮುಂಚೆ ಜಾಲಿಯ ಮೋಹನಣ್ಣನ ಪ್ಲಾಂಟನ್ನೂ ಒಂದ್ಸಲ ನೋಡ್ತೆ. ಅಲ್ಲಿ ತಂಡಿ ಇನ್ನೂ ಜಾಸ್ತಿಯಂತೆ."

"ಅವಂದು ಐಸಾ? ಅದು ನೀರು." ನಾಯ್ಕರು ಪೆನ್ನು ತೆಗೆದರು. "ಮುಂಬಯಿಗೇ ಹೋಗಿ. ಜಾಲಿ ಬದಿಗೆ ಮಾತ್ರ ಹೋಗೂದ್ ಬೇಡ."

ಮುಂಬಯಿಯೇ ಸರಿಯೆಂದು ತಮಗೆ ಮೊದಲೇ ಅನ್ನಿಸಿತ್ತೆಂದರು ಪ್ರಿನ್ಸಿಪಾಲರು.

ಹೊನ್ನಾವರ ಸ್ಟೇಷನ್ನಿಗೆ ನಾಯ್ಕರು ಮೀನಿನ ಥರ್ಮಾಕೋಲ್ ಪೆಟ್ಟಿಗೆಯ ತುಂಬ ಐಸು ಹಾಕಿಸಿಕೊಂಡು ಬಂದರು. "ದಾರೀಲಿ ಚಿಪ್ ಬಿಸಿ ಆಗೂದ್ ಬೇಡ." ಚಿಪ್ ಒಂದು ತಿಂಗಳಿನಿಂದ ಅವಳ ಪರ್ಸಿನಲ್ಲಿ ಬಿಸಿಲು ತಿನ್ನುತ್ತಿತ್ತು. ಮಾಲಿನಿ ಪೆಟ್ಟಿಗೆ ಇಸಿದುಕೊಂಡಳು. ಗೆದ್ದ ಖುಷಿಯ ಜೊತೆ ನಾಚಿಕೆಯೂ ಆಯಿತು: ವಿಜ್ಞಾನ ಹೇಳಿದಾಗ ಸಿಗದ ರಜೆ ಹೊಟ್ಟೆಕಿಚ್ಚು ಹಚ್ಚಿದಾಗ ಸಿಕ್ಕಿತ್ತು.

ಕುಮಟಾ ದಾಟುವಾಗ ಐಸು ಕರಗಿ ಸೀಟಿನಡಿ ಹರಿಯತೊಡಗಿತು, ಬಂಗಡೆಯ ವಾಸನೆಗೆ ಬೋಗಿಯೇ ಮೂಗು ಮುಚ್ಚಿತು. ಆಗಲೇ ಅವಳ ಫೋನಿಗೆ ಹೊಸ ಬ್ಯಾನರಿನ ಫೋಟೋ ಬಂತು. ನಾಯ್ಕರ ಮುಖದ ಕೆಳಗೆ ಬರೆದಿತ್ತು: 'ಅತಿವಾಹಕ ಸಂಶೋಧನಾ ಕೇಂದ್ರ, ಹೊನ್ನಾವರ. ಶಾಖೆ: ಮುಂಬಯಿ.'