ಹದಿನೈದು ಸೆಕೆಂಡಿನ ಹೂಂ

ಇಪ್ಪತ್ತೊಂದು ಇಂಚಿನ ಮಾನಿಟರನ್ನು ಸುತಳಿಯಿಂದ ಮೇಜಿಗೆ ಬಿಗಿದು ಕಟ್ಟಿದ್ದನ್ನು ನಾನು ಜನ್ಮದಲ್ಲಿ ಮೊದಲ ಸಲ ನೋಡಿದ್ದು ಸಂಕೇಶ್ವರದ ಬಾಪುಸಾಹೇಬರ ಮನೆಯಲ್ಲಿ, ಎರಡು ಸಾವಿರದ ನಾಲ್ಕನೆಯ ಇಸವಿಯಲ್ಲಿ. ಅವರು ಮೆಣಸಿನಕಾಯಿ ವ್ಯಾಪಾರಿ, ಚೀಲ ಹೊಲಿಯುವ ಸುತಳಿಗೆ ಮನೆಯಲ್ಲಿ ಬರವಿಲ್ಲ. ಪರದೆ ನಡುಗುತ್ತದೆ ಎಂದು ಸೊಸೆ ಹೇಳಿದ್ದೇ ತಡ, ಡಬ್ಬಿಯೇ ನಡುಗುತ್ತಿದೆ ಎಂದು ತಿಳಿದು ಎಂಟು ಸುತ್ತು ಬಿಗಿದಿದ್ದರು.

"ಮೇಜಿನ ಕಾಲಿಗೆ ಇಟ್ಟಂಗಿನೂ ಕೊಟ್ಟೇನ್ರಿ ಮಾಲಿಂಗಪ್ಪ. ಆದ್ರೂ ನಡಗತೈತಿ," ಎಂದರು.

"ಚಳಿ ಹತ್ತಿರಬೇಕ್ರಿ. ಒಂದ ಕಂಬಳಿ ಹೊಚ್ಚಿ ನೋಡೂದಿತ್ತು," ಎಂದೆ.

ನಾನು ಗೋಕಾಕದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಹೇಳುತ್ತಾರೆ, ಗಿರಾಕಿಗಳೂ ಹೇಳುತ್ತಾರೆ. ಅವತ್ತು ಬಸ್ಸಿನಲ್ಲಿ ನಿಂತೇ ಬಂದಿದ್ದೆ, ಊಟವೂ ಆಗಿರಲಿಲ್ಲ.

ಕೊಲ್ಲಾಪುರದಿಂದ ಹೊಸದಾಗಿ ತರಿಸಿದ ಆ ಮಾನಿಟರು ಸೊಸೆ ಸೋನಾಲಿಯದು. ಆಕೆ ಮನೆಯಲ್ಲೇ ಕೂತು ಊರಿನ ಪ್ರೆಸ್ಸುಗಳಿಗೆ ಲಗ್ನಪತ್ರಿಕೆ ಮಾಡಿಕೊಡುತ್ತಿದ್ದಳು. ಒಂದು ತಾಸು ಕೂತರೆ ತಲೆ ಒಡೆದುಹೋಗುವಂತೆ ನೋಯುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತದೆ ಎಂದಳು. ಪರದೆಯ ಅಳತೆ ಬದಲಿಸಿ ಅಕ್ಷರ ದೊಡ್ಡದು ಮಾಡಿಟ್ಟರೆ ನಡುಕ ಕಡಿಮೆಯಾಗುತ್ತಿತ್ತಂತೆ. ಆದರೆ ಆಗ ಇಡೀ ಪತ್ರಿಕೆ ಒಮ್ಮೆಗೇ ಕಾಣುವುದಿಲ್ಲ, ಯಾರ ಕಾಕಾನ ಹೆಸರು ಯಾರ ಮಾಮಾನ ಕೆಳಗೆ ಹೋಯಿತೆಂದು ತಿಳಿಯುವುದಿಲ್ಲ. ಅದು ತಪ್ಪಿದರೆ ಬೀಗರು ಮಂಟಪದಲ್ಲೇ ಜಗಳಕ್ಕೆ ನಿಲ್ಲುತ್ತಾರೆ.

"ನಾಕಕ್ಕ ಕೊಲ್ಲಾಪುರದ ಟೆಂಪೊ ಬರತೈತಿ," ಎಂದರು ಬಾಪುಸಾಹೇಬರು. "ಅಷ್ಟರಾಗ ನೆಟ್ಟಗಾದ್ರ ಆತು. ಇಲ್ಲಂದ್ರ ಇದನ್ನ ತಂದಲ್ಲೇ ವಾಪಸ್ ಕಳಸೂದು. ನಮ್ಮ ಸೊಸಿ ತಲಿ ನೋಯಿಸ್ಕೊಂಡು ಪತ್ರಿಕಿ ಮಾಡೂದೇನ ಬ್ಯಾಡ."

ಪ್ರೀತಿಯಿಂದಲೇ ಹೇಳಿದರು. ಸೋನಾಲಿಯ ಮುಖ ಮಾತ್ರ ಸಣ್ಣದಾಯಿತು. ಆ ಕೆಲಸ ಬಿಟ್ಟರೆ ಆಕೆಗೆ ಉಳಿಯುವುದು ಮೆಣಸಿನಕಾಯಿ ತೊಟ್ಟು ಮುರಿಯುವುದೇ.

ರೋಗ ನನಗೆ ನೋಡಿದ ಕೂಡಲೇ ತಿಳಿಯಿತು. ಮಾನಿಟರು ಚಿತ್ರವನ್ನು ಒಮ್ಮೆ ಬರೆದು ಕೈತೊಳೆದುಕೊಳ್ಳುವುದಿಲ್ಲ, ಸೆಕೆಂಡಿಗೆ ಇಷ್ಟು ಸಲ ಎಂದು ಬರೆಯುತ್ತಲೇ ಇರುತ್ತದೆ. ಇದು ಅರವತ್ತು ಸಲ ಬರೆಯುತ್ತಿತ್ತು. ಅಷ್ಟು ದೊಡ್ಡ ಪರದೆಗೆ ಅದು ಸಾಲದು, ಕಣ್ಣಿಗೆ ಮಿಣಮಿಣ ಎನ್ನುತ್ತದೆ. ಎಂಬತ್ತೈದಕ್ಕೆ ಏರಿಸಿದರೆ ಮುಗಿಯಿತು, ಎರಡು ನಿಮಿಷದ ಕೆಲಸ.

ಏರಿಸಿದೆ. ಟಕ್ ಎಂದು ಪರದೆ ಒಂದು ಗಳಿಗೆ ಕಪ್ಪಾಗಿ ಮತ್ತೆ ಬಂತು. ನಡುಕವಿಲ್ಲ, ಏನಿಲ್ಲ. ಸೋನಾಲಿ "ಅಯ್ಯ, ನಿಂತ ಬಿಡ್ತರಿ," ಎಂದಳು. ನಡುವೆ ಒಂದು ಸಣ್ಣ ಚೌಕ ಬಂದಿತ್ತು. ಹೀಗೇ ಇಡಲೋ ಬೇಡವೋ ಎಂದು ಕೇಳಿ ಹದಿನೈದರಿಂದ ಹಿಂದಕ್ಕೆ ಎಣಿಸುತ್ತಿತ್ತು. ಎಣಿಕೆ ಮುಗಿಯುವುದರೊಳಗೆ ಹೂಂ ಎನ್ನದಿದ್ದರೆ ಮೊದಲಿನಂತೆಯೇ ಆಗಿಬಿಡುತ್ತದೆ.

"ಮೌಸ್ ನಿಮ್ಮ ಕೈಯಾಗ ಐತಿ, ಹೂಂ ಒತ್ರಿ," ಎಂದೆ.

ಆಕೆ ಬಿಸಿ ಬೋಗುಣಿ ಮುಟ್ಟಿದವಳಂತೆ ಕೈ ಹಿಂದೆಗೆದುಕೊಂಡಳು. "ಮಾಮಾಗ ಕೇಳಬೇಕ್ರಿ."

ಮಾಮಾ ಅಂದರೆ ಮಾವ ಬಾಪುಸಾಹೇಬರು, ಪಕ್ಕದಲ್ಲೇ ನಿಂತಿದ್ದರು. ಅವರು, "ಆಯೀನ ಒಂದ ಮಾತ ಕೇಳಿ ಬರತೇನಿ," ಎಂದು ತಾಯಿಯಿದ್ದ ಹಿತ್ತಲಿಗೆ ನಡೆದರು. ಅವರು ಹೊಸ್ತಿಲು ದಾಟುವುದರೊಳಗೆ ಪರದೆ ಟಕ್ ಎಂದಿತು, ನಡುಗತೊಡಗಿತು.

ಈ ಸಲ ಏರಿಸಿ ಹೂಂ ನಾನೇ ಒತ್ತಿಬಿಡುತ್ತೇನೆ ಎಂದು ಮೌಸಿಗೆ ಕೈ ಚಾಚಿದರೆ ಬಾಪುಸಾಹೇಬರು ತಿರುಗಿ ಬಂದು ಮಣಿಕಟ್ಟು ಹಿಡಿದರು. ಚೀಲ ಎತ್ತುವ ಕೈ ಅದು, ನನಗೆ ನಕ್ಷತ್ರ ಕಂಡವು.

"ಹೋದ ವರ್ಷ ಒಬ್ಬಾಂವ ಕೇಳದ ಹೂಂ ಒತ್ತಿ ಸೊಸಿ ಮಾಡಿದ್ದ ನಲವತ್ತ ಪತ್ರಿಕಿ ಅಳಿಸಿ ಹ್ವಾದ. ನಮ್ಮ ಮನ್ಯಾಗ ಹಿರ್ಯಾರನ್ನ ಕೇಳದ ಯಾತಕ್ಕೂ ಹೂಂ ಅನ್ನೂದಿಲ್ರಿ."

"ಹಂಗಾದ್ರ ಮೊದಲ ಕೇಳಿ ಬರ್ರಿ, ಆಮ್ಯಾಲ ನಾ ಏರಸತೇನಿ."

"ನೋಡದ ಹೆಂಗ ಹೂಂ ಅನ್ನೂದು? ನಾವು ಚೀಲ ಬಿಚ್ಚದ ಮಾಲ ತಗೊಳ್ಳೂದಿಲ್ಲ."

ಸರಿ, ಅವರ ತಾಯಿ ಸೀತಾಬಾಯಿಯವರನ್ನೇ ಕರೆತಂದು ಕುರ್ಚಿಯಲ್ಲಿ ಕೂಡಿಸಿದ್ದಾಯಿತು. ಎಂಬತ್ತರ ಮುದುಕಿ. ನಾನು ಮತ್ತೆ ಏರಿಸಿದೆ. ಚೌಕ ಬಂತು. ಆಯಿಗೆ ಕಣ್ಣಿಗೇರಿಸುವ ಚಾಳೀಸು ನೆನಪಾಯಿತು. ದೇವರ ಕಟ್ಟೆ ಹುಡುಕಿ, ಹಾಸಿಗೆ ಕೊಡವಿ, ಕೊನೆಗೆ ಚಾಳೀಸು ಆಯಿಯ ಕೊರಳಲ್ಲೇ ಸಿಕ್ಕಿತು. ಅಷ್ಟರಲ್ಲಿ ಪರದೆ ಮತ್ತೆ ನಡುಗುತ್ತಿತ್ತು. ನಾನು ಹಲ್ಲು ಕಡಿದು ಮೂರನೆಯ ಸಲ ಏರಿಸಿದೆ.

"ಆಯಿ, ಹೂಂ ಅನ್ರಿ," ಎಂದೆ.

ಆಯಿ ಮಗನ ಕಡೆ ತಿರುಗಿದರು. "ಬಾಪು, ನೀ ಏನಂತಿ?"

"ನೀ ಅಂದದ್ದ ಖರೆ, ಆಯಿ."

"ಮನಿ ಯಜಮಾನ ನೀ. ನೀ ಹೇಳ."

"ನೀ ಇರೂತನಾ ನಾ ಎಲ್ಲಿ ಯಜಮಾನ?"

ಟಕ್. ನಾನು ನನ್ನ ಚೀಲ ಎತ್ತಿಕೊಂಡೆ. ಹೊರಗೆ ಟೆಂಪೊದವನು ಹಾರ್ನ್ ಹೊಡೆದ. ಬಾಪುಸಾಹೇಬರು ಸುತಳಿ ಬಿಚ್ಚಲು ಕೈ ಹಾಕಿದರು. ಸೋನಾಲಿ ನನಗಷ್ಟೇ ಕೇಳುವಂತೆ, "ಇನ್ನೊಂದ ಸಲ ಮಾಡ್ರಿ ಕಾಕಾ," ಎಂದಳು. ಚೀಲ ಇಳಿಸಿ ಏರಿಸಿದೆ.

ಚೌಕ ಬಂತು. ತಾಯಿ ಮಗನನ್ನು ನೋಡಿದರು, ಮಗ ತಾಯಿಯನ್ನು ನೋಡಿದರು. ಎಣಿಕೆ ನಾಲ್ಕಕ್ಕೆ ಬಂದಿತ್ತು. ಸೋನಾಲಿ ಕಣ್ಣು ಮುಚ್ಚಿ ಹೂಂ ಒತ್ತಿಬಿಟ್ಟಳು. ಚೌಕ ಮಾಯವಾಯಿತು. ಪರದೆ ಗಟ್ಟಿಯಾಗಿ ನಿಂತುಕೊಂಡಿತು.

"ಯಾರ ಒತ್ತಿದ್ರು?" ಎಂದರು ಬಾಪುಸಾಹೇಬರು.

"ನಾನರಿ ಮಾಮಾ. ತಲಿ ನಂದ ನೋಯತಿತ್ತು, ಅದಕ್ಕ ನಾನ ಹೂಂ ಅಂದೆ."

ಬಾಪುಸಾಹೇಬರ ಕಿವಿ ಅವರ ಮಾಲಿನ ಬಣ್ಣಕ್ಕೆ ತಿರುಗಿತ್ತು. "ಕೇಳದ ಹೂಂ ಅಂದದ್ದು ಈ ಮನ್ಯಾಗ ನಡೀತೈತೋ ಇಲ್ಲೋ ಆಯಿನ ಹೇಳಲಿ. ಇದನ್ನ ಇಟ್ಕೊಳ್ಳೂದೋ, ಟೆಂಪೊಕ್ಕ ಹಾಕೂದೋ?"

ಸೀತಾಬಾಯಿಯವರು ಮಗನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ನನ್ನನ್ನು ಕೇಳಿದರು: "ಆ ಚೌಕದಾಗ ಬಟನ್ ಎರಡ ಇದ್ದೂವಲ್ಲ. ಇನ್ನೊಂದ ಯಾತರದು?"

"ಅದು ಬ್ಯಾಡ ಅನ್ನಾಕರಿ, ಆಯಿ."

"ಬ್ಯಾಡ ಅಂದ್ರ ಕೇಳತೈತಿ ಅದು?"

"ಕೇಳತೈತ್ರಿ."

"ನನಗ ಒತ್ತಾಕ ಕೊಡ."

ಎಂಬತ್ತೈದು ಈಗ ಗಟ್ಟಿಯಾಗಿ ಕೂತಿತ್ತು. ಎಪ್ಪತ್ತೈದಕ್ಕೆ ಇಳಿಸಿದೆ. ಬೇಡ ಎಂದರೆ ಮತ್ತೆ ಎಂಬತ್ತೈದಕ್ಕೇ ಬರುತ್ತದೆ, ಕೆಡುವುದೇನಿಲ್ಲ. ಚೌಕ ಬಂತು. ಸೋನಾಲಿ ಆಯಿಯ ಕೈಯನ್ನು ಮೌಸಿನ ಮೇಲಿಟ್ಟು ಬಾಣವನ್ನು ಜಾಗಕ್ಕೆ ತಂದುಕೊಟ್ಟಳು. ಆಯಿ ತಡಮಾಡಲಿಲ್ಲ. ಹದಿಮೂರು ಇರುವಾಗಲೇ ಒತ್ತಿದರು. ಪರದೆ ಕಪ್ಪಾಗಿ ತಿರುಗಿ ಬಂತು.

"ನಾ ಅಂದದ್ದಕ್ಕ ಹೋತೋ, ತಾನ ಹೋತೋ?"

"ನೀವ ಅಂದದ್ದಕ್ಕ ಹೋತ್ರಿ."

ಆಯಿ ಮೌಸಿನಿಂದ ಕೈ ತೆಗೆಯಲಿಲ್ಲ. "ಲಗ್ನ ಆದಾಗಿಂದ ಹೂಂ ಅಂದಕೋತನ ಬಂದೇನಿ. ಬ್ಯಾಡೇನ ಅಂತ ನನ್ನ ಯಾರ ಕೇಳಿದ್ರು?" ಎಂದರು. ಸಿಟ್ಟಿನಿಂದಲ್ಲ, ಮಾರುಕಟ್ಟೆಯ ಧಾರಣೆ ಹೇಳುವ ಹಾಗೆ ಹೇಳಿದರು. ಸೋನಾಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಏನೋ ಆಯಿತು, ಆದರೆ ಮೆಣಸಿನಕಾಯಿ ಘಾಟು ಎಂದು ಕೆಮ್ಮಿದೆ.

ಹೊರಗೆ ಮತ್ತೆ ಹಾರ್ನ್ ಕೇಳಿತು.

"ಆಯಿ, ಟೆಂಪೊದವಗ ಏನ ಹೇಳೂಣ?" ಎಂದರು ಬಾಪುಸಾಹೇಬರು.

"ಬ್ಯಾಡ ಅಂತ ಹೇಳ."

ಮಗ ಅಲ್ಲಾಡಲಿಲ್ಲ. ನೀ ಏನಂತಿ ಬಾಪು ಎಂದು ತಾಯಿ ತಿರುಗಿ ಕೇಳುವುದನ್ನು ಅವರು ರೂಢಿಯಂತೆ ಕಾಯುತ್ತಿದ್ದರು. ಸೀತಾಬಾಯಿಯವರು ಚಾಳೀಸಿನ ಮೇಲಿಂದ ಮಗನನ್ನು ನೋಡಿದರು.

"ಹದಿನೈದು," ಎಂದರು. "ಹದಿನಾಕು."

ಬಾಪುಸಾಹೇಬರು ಒಂದೇ ಚಪ್ಪಲಿಯಲ್ಲಿ ಹೊರಗೆ ಓಡಿದರು.