ಕಿತಾಮೊರಿಯ ತಾಯಿಯ ಫೋಟೊ

ಫೋಟೊ ತೆಗೆಸಲು ಬಂದವರು ಫೋಟೊ ತೆಗೆಸಿಕೊಂಡು ಹೋಗಬೇಕು. ಇಷ್ಟು ಸಣ್ಣ ಮಾತು ತನ್ನ ಗಂಡನ ತಲೆಗೆ ಹೋಗುವುದಿಲ್ಲವಲ್ಲ ಎಂದು ಶರೀಫಾಬಿ ದಿನಾ ಹಣೆ ಬಡಿದುಕೊಳ್ಳುತ್ತಿದ್ದಳು. ಬ್ಯಾಡಗಿಯ ಸ್ಟೇಶನ್ ರಸ್ತೆಯಲ್ಲಿ ಮುಂದೆ ಸ್ಟುಡಿಯೋ, ಹಿಂದೆ ಮನೆ, ನಡುವೆ ಒಂದು ಪರದೆ. ಪರದೆಯಾಚೆ ಗಿರಾಕಿ ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕುಳಿತಿದ್ದರೆ ಇಸ್ಮಾಯಿಲಸಾಬ ಲೆನ್ಸ್ ಒರೆಸುತ್ತ, "ಇದನ್ನ ಮಾಡಿದಾವ ಯಾರು ಗೊತ್ತೇನ್ರಿ?" ಎಂದು ಶುರು ಮಾಡುತ್ತಿದ್ದ. ಅಲ್ಲಿಗೆ ಗಿರಾಕಿಯ ಬಸ್ಸು ತಪ್ಪಿತು ಅಂತಲೇ ಲೆಕ್ಕ.

ಟೋಕಿಯೋದಲ್ಲಿ ಕಿತಾಮೊರಿ ಎಂಬವನು ಕನ್ನಡಕದ ಗಾಜು ತಿಕ್ಕುತ್ತಿದ್ದ. ಭೂಕಂಪವಾಗಿ ಅಂಗಡಿ ಸುಟ್ಟುಹೋಯಿತು, ಮತ್ತೆ ಕಟ್ಟಿದ. ಯುದ್ಧ ಬಂತು, ನೌಕಾಪಡೆಗೆ ದುರ್ಬೀನು ಮಾಡಿಕೊಟ್ಟ. ಯುದ್ಧ ಸೋತ ಮೇಲೆ ದುರ್ಬೀನು ಕೇಳುವವರಿಲ್ಲದೆ ಮಕ್ಕಳ ಆಟಿಕೆಗೆ ಗಾಜು ತಿಕ್ಕಿದ. ಆಮೇಲೆ ಕ್ಯಾಮೆರಾ ಲೆನ್ಸ್ ಮಾಡಿದ, ಆದರೆ ಎಷ್ಟೋ ವರ್ಷ ಬೇರೆ ಕಂಪನಿಗಳು ಅವುಗಳ ಮೇಲೆ ತಮ್ಮ ಹೆಸರು ಹಾಕಿಕೊಂಡು ಮಾರಿದವು. ಮುದುಕನಾದ ಮೇಲೆ ಅವನು ತನ್ನ ಹೆಸರು ಹಾಕಿಕೊಂಡ. ಇಷ್ಟೇ ಕಥೆ. ಲೆನ್ಸ್ ಮಾರಿದ ಹುಬ್ಬಳ್ಳಿಯ ವ್ಯಾಪಾರಿ ಒಂದು ಕಪ್ ಚಹಾ ಮುಗಿಯುವುದರೊಳಗೆ ಹೇಳಿ ಮುಗಿಸಿದ್ದ.

ಇಸ್ಮಾಯಿಲಸಾಬನ ಬಾಯಲ್ಲಿ ಅದು ವರ್ಷದಿಂದ ವರ್ಷಕ್ಕೆ ಬೆಳೆಯಿತು. ಮೊದಮೊದಲು ಕಿತಾಮೊರಿಗೆ ತಾಯಿಯೇ ಇರಲಿಲ್ಲ. ಮರುವರ್ಷ ಎಲ್ಲಿಂದಲೋ ಬಂದಳು. ಅದರ ಮರುವರ್ಷ ಭೂಕಂಪದ ಬೆಂಕಿಯಲ್ಲಿ ಮಗ ಆಕೆಯನ್ನು ಬೆನ್ನ ಮೇಲೆ ಹೊತ್ತು ಓಡಿದ. ಈಗಂತೂ ಕಿತಾಮೊರಿ ತನ್ನ ಮೊಟ್ಟಮೊದಲ ಲೆನ್ಸಿನಲ್ಲಿ ತೆಗೆದ ಮೊದಲ ಫೋಟೊ ಆ ತಾಯಿಯದೇ ಎಂಬಲ್ಲಿಗೆ ಬಂದು ನಿಂತಿತ್ತು.

"ಆ ಮುದುಕಿ ಹೋದ ವರ್ಷ ಇರಲೇ ಇಲ್ಲಲ್ರಿ!" ಎಂದು ಶರೀಫಾಬಿ ಪರದೆಯ ಹಿಂದಿನಿಂದ ಕೂಗುತ್ತಿದ್ದಳು. "ಮುಂದಿನ ವರ್ಷ ಆಕೀನ ಕರಕೊಂಡು ಬಂದು ನಮ್ಮನ್ಯಾಗ ಇಟ್ಟುಬಿಡ್ರಿ. ಆಕೀಗೂ ಎರಡು ರೊಟ್ಟಿ ಬಡೀತೇನಿ."

"ಕಥಿ ನಡುವ ಬಾಯಿ ಹಾಕಬ್ಯಾಡ," ಎನ್ನುತ್ತಿದ್ದ ಆತ.

ಇಷ್ಟೆಲ್ಲ ಮೆರೆಸಿದ ಲೆನ್ಸ್ ಪೂರ್ತಿ ಅವನದೂ ಅಲ್ಲ. ಹಾವೇರಿಯ ಅಬ್ದುಲಗನಿ, ರಾಣೆಬೆನ್ನೂರಿನ ಮಹಮ್ಮದಗೌಸ ಮತ್ತು ಇವನು, ಮೂವರು ಸೋದರಸಂಬಂಧಿ ಫೋಟೊಗ್ರಾಫರು ಕೂಡಿ ಕೊಂಡದ್ದು. ಒಬ್ಬೊಬ್ಬರಿಗೆ ಒಂದೊಂದು ವಾರ. ಟವೆಲಿನಲ್ಲಿ ಸುತ್ತಿಕೊಂಡು ಅದು ಕಂಡಕ್ಟರನ ಕೈಯಲ್ಲಿ ಮೂರೂರು ತಿರುಗುತ್ತಿತ್ತು. ಬೇಕಾದಾಗ ಮಾತ್ರ ಎಂದೂ ಸಿಗುತ್ತಿರಲಿಲ್ಲ.

ಎಂಬತ್ತೆಂಟನೇ ಇಸವಿಯಲ್ಲಿ ಇಸ್ಮಾಯಿಲಸಾಬನ ತಾಯಿ ರಸೂಲಬಿ ಹಜ್‌ಗೆ ಹೊರಟಳು. ತನ್ನ ತಮ್ಮ ಅಬ್ದುಲರಜಾಕನ ಜೊತೆ ಮುಂಬಯಿಗೆ ಹೋಗಿ, ಅಲ್ಲಿಂದ ಹಡಗು. ಅರ್ಜಿಗೆ ಫೋಟೊ ಹಚ್ಚಬೇಕು. ಆದರೆ ರಸೂಲಬಿ ಹುಟ್ಟಿದಾಗಿನಿಂದ ಒಂದೂ ಫೋಟೊ ತೆಗೆಸಿಕೊಂಡವಳಲ್ಲ. ತಸ್ವೀರು ತೆಗೆಸುವುದು ಗುನಾಹ, ಪಾಪ ಎನ್ನುತ್ತಿದ್ದಳು. ಊರಿನವರ ಮೋರೆಯೆಲ್ಲ ಗೋಡೆಗೆ ತೂಗುಹಾಕಿದ ಮಗನಿಗೆ ಹೆತ್ತವಳ ಮುಖವೊಂದೇ ಸಿಕ್ಕಿರಲಿಲ್ಲ. "ಹಜ್ ಸಲುವಾಗಿ ಒಂದ ಸಲ. ಅಲ್ಲಾ ಮಾಫ್ ಮಾಡ್ತಾನ," ಎಂದು ಆಕೆ ಕೊನೆಗೂ ಒಪ್ಪಿದಾಗ ಇಸ್ಮಾಯಿಲಸಾಬನ ಕಣ್ಣು ತುಂಬಿ ಬಂತು.

ತಕ್ಷಣ ಕೂರಿಸಿ ತೆಗೆಯಬಾರದೇ? ಇಲ್ಲ. ಕಿತಾಮೊರಿ ಲೆನ್ಸಿನಲ್ಲೇ ತೆಗೆಯಬೇಕಂತೆ. ಅದು ಆ ವಾರ ರಾಣೆಬೆನ್ನೂರಿನಲ್ಲಿತ್ತು.

"ಪಾಸ್‌ಪೋರ್ಟ್ ಸೈಜ್ ಫೋಟೊಕ್ಕ ಜಪಾನ್ ಯಾಕ್ರಿ? ನಮ್ಮ ಹಳೇ ಡಬ್ಬಿ ಕ್ಯಾಮೆರಾ ಐತಲ್ಲ," ಎಂದಳು ಶರೀಫಾಬಿ.

"ನಮ್ಮವ್ವಂದು ಇದೊಂದ ಫೋಟೊ ಶರೀಫಾ. ಇದೊಂದ."

ಹುಬ್ಬಳ್ಳಿಗೆ ಹೋಗಿ ಅರ್ಜಿ ಕೊಡಲು ಶನಿವಾರ ಕೊನೆಯ ದಿನ. ಗುರುವಾರ ಈತ ರಾಣೆಬೆನ್ನೂರಿಗೆ ಹೋದರೆ ಲೆನ್ಸ್ ಮದುವೆಯೊಂದಕ್ಕೆಂದು ಕಾಗಿನೆಲೆಗೆ ಹೋಗಿತ್ತು. ಶುಕ್ರವಾರ ಕಾಗಿನೆಲೆಗೆ ಹೋದರೆ ಮಹಮ್ಮದಗೌಸ ಅದನ್ನು ಹಾವೇರಿ ಬಸ್ಸಿಗೆ ಕೊಟ್ಟು ಕಳಿಸಿಯಾಗಿತ್ತು. ಶನಿವಾರ ನಸುಕಿಗೇ ಎದ್ದು, ಮಧ್ಯಾಹ್ನದೊಳಗೆ ಬಂದೇ ಬರುತ್ತೇನೆಂದು ಹಾವೇರಿಗೆ ಓಡಿದ. ಲೆನ್ಸಿಗೆ ಕಾಲಿಲ್ಲ, ಈ ಮೂವರಿಗೆ ತಲೆಯಿಲ್ಲ ಎಂದು ಶರೀಫಾಬಿ ಬೈದುಕೊಂಡಳು.

ಹತ್ತು ಗಂಟೆಗೆ ಅಬ್ದುಲರಜಾಕ ಅರ್ಜಿ ಹಿಡಿದು ಬಂದ. "ಎಲ್ಲಿ ಫೋಟೊ? ಮಧ್ಯಾಹ್ನದ ಬಸ್ ತಪ್ಪಿದ್ರ ಅಕ್ಕಾಂದು ಈ ವರ್ಷದ ಹಜ್ ಮುಗೀತು. ಮುಂದಿನ ವರ್ಷ ಯಾರ್ ಕಂಡಾರ?"

ರಸೂಲಬಿ ಬಿಳಿ ಚಾದರ ಹೊದ್ದು, ಜಪದ ತಸ್ಬಿ ಹಿಡಿದು, ನಸುಕಿನಿಂದ ಆ ಸ್ಟೂಲಿನ ಮೇಲೇ ಕುಳಿತಿದ್ದಳು. ಅತ್ತೆಯನ್ನು ನೋಡಿ ಶರೀಫಾಬಿ ಒಲೆ ಬಿಟ್ಟು ಎದ್ದಳು. ಬುರ್ಖಾ ಹಾಕುವ ಹೆಣ್ಣುಮಕ್ಕಳು ಬಂದರೆ ಒಳಗೆ ಕರೆದು ಫೋಟೊ ತೆಗೆಯುತ್ತಿದ್ದವಳು ಅವಳೇ. ತೊಳೆಯುವುದು, ಪ್ರಿಂಟ್ ಹಾಕುವುದೂ ಬರುತ್ತಿತ್ತು. ಹಳೆಯ ಡಬ್ಬಿ ಕ್ಯಾಮೆರಾವನ್ನು ಎತ್ತಿ ತಂದಳು.

"ಅಮ್ಮಾ, ಇತ್ತ ನೋಡ್ರಿ. ನಿಮ್ಮ ಮಗ ಬರೂತನಕ ಕಾದ್ರ ಹಡಗ ಮಕ್ಕಾ ಮುಟ್ಟಿ ಹೊಳ್ಳಿ ಬರ್ತೈತಿ."

"ಇದು ಆ ಜಪಾನ್‌ದವಂದಲ್ಲೇನ?"

"ಅಲ್ಲ."

"ಚಲೋ ಆತು. ಅದಾದ್ರ ಭೂಕಂಪ ಮುಗೀಬೇಕಾಗಿತ್ತು," ಎಂದು ಮುದುಕಿ ನಗು ತಡೆದುಕೊಂಡಳು. ಶರೀಫಾಬಿ ಗುಂಡಿ ಒತ್ತಿದಳು.

ಹಸಿ ಆರದ ಫೋಟೊ ಹಚ್ಚಿಕೊಂಡು ಅಬ್ದುಲರಜಾಕ ಬಸ್ಸು ಹಿಡಿದ. ಇಸ್ಮಾಯಿಲಸಾಬ ಬಂದದ್ದು ಸಂಜೆ, ಟವೆಲಿನ ಗಂಟನ್ನು ಎದೆಗೆ ಅವಚಿಕೊಂಡು. ನಡೆದದ್ದನ್ನು ಕೇಳಿ ಬಾಗಿಲಲ್ಲೇ ನಿಂತುಬಿಟ್ಟ. ಬೈಯಲಿಲ್ಲ. ಬೈದಿದ್ದರೆ ಶರೀಫಾಬಿಗೂ ನಾಲ್ಕು ಮಾತು ತಿರುಗಿ ಆಡಲಿಕ್ಕೆ ಆಗುತ್ತಿತ್ತು.

"ಅವ್ವಾ, ಇನ್ನೊಂದ ಸಲ ಕುಂದರ್ತೀಯೇನ?" ಎಂದು ತಾಯಿಯನ್ನು ಕೇಳಿದ.

"ಒಂದ ಗುನಾಹ ಸಾಕು ಬೇಟಾ. ಹಜ್ ಮುಗಿಸಿ ಬಂದಮ್ಯಾಲ ನೋಡೂಣು."

ಆಕೆ ಬರಲಿಲ್ಲ. ಹಜ್ ಮುಗಿದ ಮೂರನೆಯ ದಿನ ಮಕ್ಕಾದಲ್ಲೇ ತೀರಿಕೊಂಡಳು, ಅಲ್ಲೇ ಮಣ್ಣು ಮಾಡಿದರು. ನಸೀಬು ಬೇಕು ಅಂಥ ಸಾವಿಗೆ ಎಂದು ಊರೆಲ್ಲ ಹೇಳಿತು. ಇಸ್ಮಾಯಿಲಸಾಬ ಡಬ್ಬಿ ಕ್ಯಾಮೆರಾದ ನೆಗೆಟಿವ್ ಹುಡುಕಿ ದೊಡ್ಡದು ಮಾಡಿದ. ಚಾದರದ ಅಂಚು ಮಸುಕು, ಕೈ ಮಸುಕು. ಮುಖ ಮಾತ್ರ ಇತ್ತು, ತುಟಿ ಬಿಗಿಹಿಡಿದು ನಗು ತಡೆದ ಮುಖ. ಅದನ್ನು ಗೋಡೆಗೆ ಹಾಕಲಿಲ್ಲ, ತಾಯಿಗೆ ಸೇರುತ್ತಿರಲಿಲ್ಲ ಎಂದು ಪೆಟ್ಟಿಗೆಯಲ್ಲಿಟ್ಟ.

ಆವತ್ತಿನಿಂದ ಜಪಾನಿನ ಸುದ್ದಿ ನಿಂತಿತು. ಗಿರಾಕಿ ಬರುವುದು, ಕೂರುವುದು, ಕ್ಲಿಕ್, ಹೋಗುವುದು. ಇದನ್ನೇ ಅಲ್ಲವೇ ಅವಳು ಇಷ್ಟು ವರ್ಷ ಬೇಡಿದ್ದು? ಆದರೆ ಪರದೆಯಾಚೆಯ ಆ ಸುಮ್ಮನಿರುವಿಕೆ ಅವಳಿಗೆ ಉಣ್ಣಲು ಬಿಡಲಿಲ್ಲ. ಅವನಿಗೆ ಸಿಗಬೇಕಾದ ಒಂದೇ ಒಂದು ಫೋಟೊ ತಾನು ಕಸಿದುಕೊಂಡೆ ಅನ್ನಿಸುತ್ತಿತ್ತು. ಕಸಿದುಕೊಳ್ಳದಿದ್ದರೆ ಆಕೆ ಮಕ್ಕಾ ನೋಡುತ್ತಿರಲಿಲ್ಲ ಎಂದೂ ಅನ್ನಿಸುತ್ತಿತ್ತು. ಎರಡೂ ಖರೆ, ಏನು ಮಾಡುವುದು?

ಒಂದು ದಿನ ಮೋಟೆಬೆನ್ನೂರಿನ ದೇವವ್ವ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಇಸ್ಮಾಯಿಲಸಾಬ ಮಾತಿಲ್ಲದೆ ಲೆನ್ಸ್ ಒರೆಸತೊಡಗಿದ. ಶರೀಫಾಬಿಗೆ ತಡೆಯಲಾಗಲಿಲ್ಲ.

"ದೇವವ್ವಾ, ಅದನ್ನ ಮಾಡಿದಾವ ಯಾರು ಗೊತ್ತೈತೇನ?" ಪರದೆಯ ಹಿಂದಿನಿಂದ ಕೂಗಿದಳು. "ಕಿತಾಮೊರಿ ಅಂತ. ಮುಂಬಯಿದಾಗ ಛತ್ರಿ ರಿಪೇರಿ ಮಾಡ್ತಿದ್ದ."

ಒರೆಸುವ ಬಟ್ಟೆ ನಿಂತಿತು.

"ಮಳಿ ಬಂದು ಅಂಗಡಿ ತೇಲಿ ಹೋತು," ಎಂದಳು ಅವಳು, ಹಟ ಹಿಡಿದು.

"ಏನ್ ಛತ್ರಿನ? ಯಾವ ಮಳಿ?" ಇಸ್ಮಾಯಿಲಸಾಬನಿಗೆ ರೇಗಿತು. "ಇಷ್ಟ ವರ್ಷ ಕೇಳಿ ಇದನ್ನ ಕಲ್ತೀಯೇನ? ಟೋಕಿಯೋದಾಗ ಕನ್ನಡಕದ ಗಾಜು ತಿಕ್ಕತಿದ್ದ! ಭೂಕಂಪ ಆತು!"

"ಹೌದಾ? ಇರ್ಲಿ ಬಿಡ್ರಿ. ಮೊದಲನೇ ಲೆನ್ಸ್‌ನ್ಯಾಗ ಅವ ತನ್ನ ತಾಯಿ ಫೋಟೊ ತೆಗದಾ ಅನ್ನೂದಾದ್ರೂ ಖರೆ ಹೌದಲ್ರಿ?"

ಇಸ್ಮಾಯಿಲಸಾಬ ಮತ್ತೆ ಲೆನ್ಸ್ ಒರೆಸತೊಡಗಿದ.

"ಅದೂ ಸುಳ್ಳ," ಎಂದ. "ಅವಂಗೆಲ್ಲಿ ಹೊತ್ತಿತ್ತು? ಅವ ಲೆನ್ಸ್ ಹಿಂದ ಊರೂರು ತಿರಗಾಕತ್ತಿದ್ದ. ತಾಯಿ ಫೋಟೊ ತೆಗದಾಕಿ ಅವನ ಹೇಣ್ತಿ."

ಶರೀಫಾಬಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಇವನ ಸುಳ್ಳಿಗೆ ಕೊನೆಯೇ ಇಲ್ಲ.

"ಸುಮ್ನ ಕುಂದರವಾ ದೇವವ್ವಾ," ಎಂದು ಕೂಗಿದಳು. "ಚಹಾ ಇಡ್ತೇನಿ. ಇನ್ನೂ ಯುದ್ಧ ಬರೂದೈತಿ."