ದೇವಣಗಾಂವದ ಹಳದಿ ಹಾಳೆ

1

ಇದನ್ನು ಎಲ್ಲಿಂದ ಶುರು ಮಾಡಲಿ? ಇಸವಿಯಿಂದ ಶುರು ಮಾಡಿದರೆ ಇತಿಹಾಸದ ಪಾಠವೆಂದು ನೀವು ಪುಟ ತಿರುವುತ್ತೀರಿ. ಹಿಟ್ಟಿನಿಂದ ಶುರು ಮಾಡಿದರೆ ವಾರಪತ್ರಿಕೆಯ ಅಡುಗೆ ಅಂಕಣವಾಗುತ್ತದೆ. ಹಾಗಾಗಿ ಹೆಂಗಸಿನಿಂದಲೇ ಶುರು ಮಾಡುತ್ತೇನೆ.

ಸಿಂದಗಿ ತಾಲ್ಲೂಕಿನ ದೇವಣಗಾಂವದ ನರ್ಸಬಾಯಿ ಸಾವಿತ್ರವ್ವ, ಹರಿದುಹೋದ ಕಣಕದ ಹಾಳೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. (ಹಿಂದಿನ ಡ್ರಾಫ್ಟಿನಲ್ಲಿ ಇಲ್ಲಿ ಅವಳು ಅಳುತ್ತಿದ್ದಳು. ಅದನ್ನು ಯಾಕೆ ತೆಗೆದೆ ಎಂಬುದು ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗುತ್ತದೆ.)

ಅವಳು ಪುಣೆಯಲ್ಲಿ ನರ್ಸಿಂಗ್ ಕಲಿಯುವಾಗ ಹಾಸ್ಟೆಲಿನ ಅಡುಗೆಮನೆ ಇಟಲಿಯ ಸಿಸ್ಟರ್ ಲೂಚಿಯಾಳ ಕೈಯಲ್ಲಿತ್ತು. ಕ್ರಿಸ್ಮಸ್ ಬಂದರೆ ಸಿಸ್ಟರು ಕಣಕವನ್ನು ಬಟ್ಟೆಯಷ್ಟು ತೆಳ್ಳಗೆ ಲಟ್ಟಿಸಿ, ಹಾಳೆಗಳಾಗಿ ಕತ್ತರಿಸಿ, ಕುದಿಸಿ, ನಡುನಡುವೆ ಟೊಮ್ಯಾಟೊ ಗೊಜ್ಜು ಹಚ್ಚಿ ಪದರ ಪದರವಾಗಿ ಪೇರಿಸಿ ಭಟ್ಟಿಗಿಡುತ್ತಿದ್ದಳು. ಹೆಸರು ಲಸಾನ್ಯ. ಲಟ್ಟಿಸಲು ಪಕ್ಕದಲ್ಲಿ ನಿಲ್ಲುತ್ತಿದ್ದವಳು ಸಾವಿತ್ರವ್ವ.

ಈಗ, ಎಪ್ಪತ್ತರ ದಶಕದ ನಡುಮಧ್ಯದಲ್ಲಿ, ಮುದ್ದೇಬಿಹಾಳದಲ್ಲಿ ಮಹಿಳಾ ಮಂಡಳಗಳ ಅಡುಗೆ ಸ್ಪರ್ಧೆ. ಗೋಧಿಯಿಂದ ಯಾರೂ ಮಾಡದ್ದೊಂದನ್ನು ಮಾಡಬೇಕು. ಸಾವಿತ್ರವ್ವ ಯಾರನ್ನೂ ಕೇಳದೆ ಹೆಸರು ಕೊಟ್ಟು ಬಂದಿದ್ದಳು.

"ಲಸೂಣ ಅಂದ್ರ ಬಳ್ಳೊಳ್ಳಿ ಅಲ್ಲೇನ?" ಅವ್ವ ಸೀತವ್ವ ಕೇಳಿದಳು. "ಬಳ್ಳೊಳ್ಳಿ ತಗೊಂಡು ಮುದ್ದೇಬಿಹಾಳಕ್ಕ ಹೊಂಟಿಯೇನ?"

"ಲಸೂಣ ಅಲ್ಲಬೇ, ಲಸಾನ್ಯ!"

"ಹೆಸರು ಯಾವುದರ ಇರ್ಲಿ. ನಾವು ಮಾಡಿದ್ದು ಯಾರು ತಿಂತಾರ?"

ಇಡೀ ಕಥೆ ಇರುವುದು ಈ ಪ್ರಶ್ನೆಯಲ್ಲಿ. ಸಾವಿತ್ರವ್ವನ ಅಪ್ಪ ಬೌದ್ಧನಾಗಿ, ಗೋಡೆಗೆ ಬುದ್ಧನ ಪಟ ಹಾಕಿ, ನೆಮ್ಮದಿಯಿಂದ ಕಣ್ಣು ಮುಚ್ಚಿದ್ದ. ಊರು ಮಾತ್ರ ಅವರ ಹಳೆಯ ಜಾತಿಯನ್ನು ಮರೆತಿರಲಿಲ್ಲ. ಹೆರಿಗೆಯ ಬ್ಯಾನೆ ಎದ್ದರೆ ಎಲ್ಲ ಓಣಿಯವರಿಗೂ ಅವಳ ಕೈ ಬೇಕು. ಆ ಕೈಯಿಂದ ನೀರು ಮಾತ್ರ ಬೇಡ.

2

ಹಾಳೆ ಹರಿದದ್ದು ಮೈದಾ ಹಿಟ್ಟಿನಿಂದ. ಸಿಸ್ಟರು ತತ್ತಿ ಹಾಕುತ್ತಿದ್ದಳು. ಆ ಸ್ಪರ್ಧೆಯಲ್ಲಿ ತತ್ತಿ ನಡೆಯುವುದಿಲ್ಲ. ತತ್ತಿಯಿಲ್ಲದ ಮೈದಾ ಲಟ್ಟಿಸಿದರೆ ಹರಿಯಿತು, ಕುದಿಸಿದರೆ ಗೋಡೆಗೆ ಕಾಗದ ಅಂಟಿಸುವ ಅಂಟಾಯಿತು.

ಸಾವಿತ್ರವ್ವ ಕಣ್ಣು ಮುಚ್ಚಿ ಸಿಸ್ಟರ್ ಇಟಲಿಯಿಂದ ತರಿಸುತ್ತಿದ್ದ ಹಿಟ್ಟನ್ನು ನೆನಪಿಗೆ ತಂದುಕೊಂಡಳು. ಬಣ್ಣ ಹಳದಿ. ಬೆರಳಿಗೆ ತರಿತರಿ. ಇಂಥದ್ದನ್ನು ಇನ್ನೆಲ್ಲೋ ಮುಟ್ಟಿದ್ದೇನಲ್ಲ?

"ಯವ್ವಾ, ಶಾವಿಗಿ ಗೋಧಿ ಎಲ್ಲೈತಿ?"

"ಅದು ಬ್ಯಾಸಿಗಿಗೆ ಎತ್ತಿಟ್ಟದ್ದು. ಮುಟ್ಟಬ್ಯಾಡ," ಎಂದ ಸೀತವ್ವ, ಮಗಳ ಮುಖ ನೋಡಿ ತಾನೇ ಎದ್ದು ಗಡಿಗೆ ಇಳಿಸಿದಳು.

ಗಟ್ಟಿ ಹಳದಿ ಗೋಧಿಗೆ ನೀರು ಚಿಮುಕಿಸಿ ಬೀಸಿದರು. ಸೋಸಿದ ಸಣ್ಣ ರವೆಗೆ ಉಪ್ಪು, ಬೆಚ್ಚಗಿನ ನೀರು ಹಾಕಿ ಕಲೆಸಿದರೆ ಕಣಕ ಕಲ್ಲಿನಂತೆ ಕೂತಿತು. ಅವ್ವ ಮಗಳು ಒಬ್ಬರಾದ ಮೇಲೊಬ್ಬರು ಒನಕೆಯಿಂದ ಕುಟ್ಟಿದರು. ಒದ್ದೆ ಬಟ್ಟೆ ಹೊದಿಸಿ ಮಲಗಿಸಿದರು. ಆಮೇಲೆ ಲಟ್ಟಣಿಗೆ.

ಹಾಳೆ ಹರಡುತ್ತಾ ಹೋಯಿತು. ಕೆಳಗೆ ಹಾಸಿದ್ದ ಸೀರೆಯ ಹಸಿರು ಅಂಚು ಮೇಲೆ ಕಾಣಿಸುವವರೆಗೆ ಸಾವಿತ್ರವ್ವ ಲಟ್ಟಿಸಿದಳು. ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು. ಹರಿಯಲಿಲ್ಲ. ಒಗೆದ ಬಟ್ಟೆಯ ಹಾಗೆ ತೂಗಿತು. ಒಂದನ್ನು ಕುದಿಯುವ ನೀರಿಗೆ ಬಿಟ್ಟರೆ ಇಡಿಯಾಗಿಯೇ ಹೊರಬಂತು.

"ಹಲ್ಲಿಗೆ ಹತ್ತತೈತಿ," ಸೀತವ್ವ ಕಚ್ಚಿ ನೋಡಿ ಹೇಳಿದಳು.

"ಹಂಗ ಹತ್ತಬೇಕಬೇ! ಹಂಗ ಹತ್ತಬೇಕು!" ಸಾವಿತ್ರವ್ವ ಹಿಟ್ಟಿನ ಕೈಯಿಂದಲೇ ಅವ್ವನನ್ನು ತಬ್ಬಿ ತಿರುಗಿಸಿಬಿಟ್ಟಳು.

3 (ಹೊಡೆದುಹಾಕಿದ್ದು)

ಸಿಂದಗಿಯ ಬಸ್ಸು ಗಕ್ಕನೆ ಬ್ರೇಕು ಹಾಕಿತು. ಬುಟ್ಟಿ ಉರುಳಿತು. ಒಣಗಿದ ಹಾಳೆಗಳೆಲ್ಲ ನುಚ್ಚುನೂರಾಗಿ—

"ಏನ್ರಿ, ನಿಲ್ಲಸ್ರಿ!"

ಸಾವಿತ್ರವ್ವ ಸೀದಾ ನನ್ನ ಮೇಜಿನ ಮುಂದೆ ಬಂದು ನಿಂತಳು.

"ನಿಮ್ಮಂಥೋರ ಕಥಿಯೊಳಗ ನಮ್ಮ ಗಡಿಗಿನ ಯಾಕ ಒಡೀತೈತ್ರಿ ಯಾವಾಗ್ಲೂ?"

"ಅದು ರಿಯಲಿಸಂ ಸಾವಿತ್ರವ್ವ. ಓದುಗರ ಮನಸ್ಸು ಕಲಕಬೇಕು..."

"ನಾವು ಅತ್ತರನ ಕಲಕತೈತೇನ್ರಿ ಅವರ ಮನಸ್ಸು? ನಿಮ್ಮ ಹಾಳಿ ನೀವು ಬೇಕಾದಂಗ ಹರ್ಕೊಳ್ರಿ. ನನ್ನ ಹಾಳಿಗೆ ಕೈ ಹಚ್ಚಬ್ಯಾಡ್ರಿ."

ನಾನು ನನ್ನ ಹಾಳೆಯನ್ನು ಹರಿದೆ.

4

ಬಸ್ಸು ಬ್ರೇಕು ಹಾಕಲಿಲ್ಲ. ಒಣಗಿಸಿ ಧೋತರದಲ್ಲಿ ಸುತ್ತಿದ ಹಾಳೆಗಳು ಸೀತವ್ವನ ತೊಡೆಯ ಮೇಲೆ ಕೂತು, ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ಮುದ್ದೇಬಿಹಾಳ ಮುಟ್ಟಿದವು. ಒಂದರ ಮೂಲೆಯೂ ಮುರಿದಿರಲಿಲ್ಲ.

ಭಟ್ಟಿಗಾಗಿ ಸಾವಿತ್ರವ್ವ ಅಲ್ಲಿನ ಖಾಜಾಸಾಬನ ಬೇಕರಿ ಹೊಕ್ಕಳು. ಬ್ರೆಡ್ಡು ಆಗಲೇ ಹೊರಬಂದಿತ್ತು, ಕಾವು ಇನ್ನೂ ಇತ್ತು.

"ಬ್ರೆಡ್ಡಿನ ಭಟ್ಟ್ಯಾಗ ಚಪಾತಿ ಇಡ್ತಿಯೇನವ್ವಾ?" ಖಾಜಾಸಾಬ ನಕ್ಕ. ನಗುತ್ತಲೇ ತಗಡಿನ ಟ್ರೇ ತೊಳೆದು ಕೊಟ್ಟ.

ಕುದಿಸಿದ ಹಾಳೆ, ಅದರ ಮೇಲೆ ಗೊಜ್ಜು, ಅದರ ಮೇಲೆ ಎಮ್ಮೆ ಹಾಲು ಒಡೆಸಿ ಹಿಂಡಿದ ಮುದ್ದೆ, ಮತ್ತೆ ಹಾಳೆ. ಭಟ್ಟಿಯ ಬಾಯಿಂದ ವಾಸನೆ ಹೊರಟಾಗ ಅವನ ನಗು ನಿಂತಿತು. ಅಂಗಡಿ ಮುಚ್ಚಿ, "ನಡೀವ್ವಾ, ನಾನ ಹೊತ್ಕೊಂಡು ಬರ್ತೇನಿ," ಎಂದ.

5

ಸ್ಪರ್ಧೆಯ ಸಭಾಂಗಣದಲ್ಲಿ ಅವಳ ಟೇಬಲ್ಲನ್ನು ಉಳಿದವರಿಂದ ದೂರ, ಬಾಗಿಲ ಬಳಿ ಹಾಕಿದ್ದರು. ಯಾಕೆಂದು ಅವಳಿಗೆ ಗೊತ್ತಿತ್ತು; ಟ್ರೇ ಅಲ್ಲೇ ಇಡಿಸಿದಳು.

ತೀರ್ಪುಗಾರರ ಹಿರಿಯಳು ಶಂಕ್ರೆವ್ವ. ಅವಳ ಮಗಳನ್ನು ಕೊಟ್ಟಿದ್ದು ದೇವಣಗಾಂವಕ್ಕೆ. ಹೋದ ಮಳೆಗಾಲದಲ್ಲಿ ಕೂಸು ಅಡ್ಡ ತಿರುಗಿದಾಗ ಹೆರಿಗೆ ಮಾಡಿಸಿದ್ದು ಸಾವಿತ್ರವ್ವ. ಶಂಕ್ರೆವ್ವ ಅಂದು ಅವಳ ಎರಡೂ ಕೈ ಹಿಡಿದು ಅತ್ತಿದ್ದಳು. ಇಂದು ಚಮಚ ಹಿಡಿದು ಎಲ್ಲರ ತಟ್ಟೆ ರುಚಿ ನೋಡುತ್ತಾ ಬಂದವಳು ಇವಳ ಟೇಬಲ್ಲಿನ ಮುಂದೆ ತಡೆದು ನಿಂತಳು.

"ನೋಡಾಕ ಚೊಲೋ ಐತಿ," ಎಂದು ಚಮಚ ಮುಳುಗಿಸದೆ ಮುಂದೆ ಹೋದಳು.

(ಇಲ್ಲಿಗೆಂದು ನಾನೊಂದು ಪುಟದುದ್ದದ ಭಾಷಣ ಬರೆದಿಟ್ಟಿದ್ದೆ. ಕೈಗಳ ಬಗ್ಗೆ, ಕೂಸಿನ ಬಗ್ಗೆ. ಸಾವಿತ್ರವ್ವ ಓದಿ ನೋಡಿ ವಾಪಸು ಕೊಟ್ಟಳು.)

ಅವಳು ಚಾಕು ತೆಗೆದು ಲಸಾನ್ಯ ಕೊಯ್ದಳು. ಪದರಗಳು ಕುಸಿಯಲಿಲ್ಲ, ಹಳದಿ, ಕೆಂಪು, ಬಿಳಿ ಒಂದರ ಮೇಲೊಂದು ನೆಟ್ಟಗೆ ನಿಂತವು. ಮೊದಲ ತುಣುಕು ಅವ್ವನಿಗೆ. ಆಮೇಲಿನದು ಖಾಜಾಸಾಬನಿಗೆ. ಮೂರನೆಯದನ್ನು ತಾನೇ ತಿಂದಳು, ಎಲ್ಲರಿಗೂ ಕಾಣುವಂತೆ, ಸಾವಕಾಶ.

ಇಂಡಿ ಕಡೆಯಿಂದ ಬಂದಿದ್ದ ಸ್ಪರ್ಧಿ ಹುಚ್ಚವ್ವನಿಗೆ ತಡೆಯಲಾಗಲಿಲ್ಲ. ತನ್ನ ಹುಗ್ಗಿಯ ಪಾತ್ರೆ ಬಿಟ್ಟು ತಟ್ಟೆ ಹಿಡಿದು ಬಂದಳು.

"ನರ್ಸಬಾಯಿ, ಅದೇನೈತೋ ನನಗಿಷ್ಟು ಹಾಕ."

ತಿಂದವಳು ಸಭಾಂಗಣದ ಆ ತುದಿಗೂ ಕೇಳುವಂತೆ ಕೂಗಿದಳು. "ಅಯ್ಯ ಶಿವನ! ಬರ್ರೆ ಎಲ್ಲಾರೂ!"

ಒಬ್ಬಳು ಬಂದಳು, ಅವಳ ಹಿಂದೆ ನಾಲ್ಕು ಜನ. ಅಂಜುತ್ತಾ ಬಂದವರೂ ಇದ್ದರು, ಗಂಡನ ಕಡೆ ಒಮ್ಮೆ ನೋಡಿ ಬಂದವರೂ ಇದ್ದರು. ಹೊತ್ತು ಹೋದಂತೆ ಸಾಲುಗಟ್ಟಿ ಪಾಳಿ ಬೆಳೆಯಿತು. ಕೊನೆಗೆ ತೀರ್ಪುಗಾರರ ಮೇಜಿನ ಬಳಿ ಚಮಚ ಹಿಡಿದವರಷ್ಟೇ ಉಳಿದರು. ಶಂಕ್ರೆವ್ವ ಎದ್ದು ಸೀದಾ ಟೇಬಲ್ಲಿನ ಮುಂದೆ ಬಂದು ತಟ್ಟೆ ಚಾಚಿದಳು.

"ನನಗೂ ಒಂದೀಟು ನೀಡವ್ವಾ."

ಸಾವಿತ್ರವ್ವ ಚಾಕು ಒರೆಸಿಕೊಂಡು, ನಕ್ಕು ಹೇಳಿದಳು.

"ಪಾಳಿಗೆ ಬರ್ರಿ, ಅಕ್ಕಾರ."

ಶಂಕ್ರೆವ್ವನ ಮುಖ ಕೆಂಪಾಯಿತು. ಹೋಗಿಬಿಡುತ್ತಾಳೆ ಎಂದುಕೊಂಡರು ಎಲ್ಲರೂ. ಅವಳು ಸೆರಗು ಸರಿಮಾಡಿಕೊಂಡು, ಎರಡನೆಯ ಸಲ ಬಂದು ನಿಂತಿದ್ದ ಹುಚ್ಚವ್ವನ ಹಿಂದೆ ಹೋಗಿ ನಿಂತಳು.

?

ಈಗ ಮುಗಿಸಬೇಕು. ಮೊದಲ ಬಹುಮಾನ ಸಾವಿತ್ರವ್ವನಿಗೆ ಎಂದು ಬರೆಯಲೇ? ಬಹುಮಾನ ಹುಗ್ಗಿಗೆ ಹೋಯಿತು, ಮನಸ್ಸು ಗೆದ್ದದ್ದು ಲಸಾನ್ಯ ಎಂದು ಬರೆಯಲೇ? ಶಂಕ್ರೆವ್ವ ಕಣ್ಣೊರೆಸಿಕೊಂಡಳು ಎನ್ನಲೇ? ಪೆನ್ನು ಎತ್ತುವಷ್ಟರಲ್ಲಿ ಸಾವಿತ್ರವ್ವನ ದನಿ ಬಂತು.

"ಯಾರು ಗೆದ್ರು ಅಂತ ತೀರ್ಪು ಕೊಡೋರನ್ನ ಯಾಕ ಕೇಳ್ತೀರಿ? ನನಗ ಗೊತ್ತೈತಿ. ಸರೀರಿ ಅತ್ತಾಗ, ಜನ ಇನ್ನಾ ತಿನ್ನಾಕತ್ತಾರ."

ಸರಿದೆ. ಪಾಳಿ ಬಾಗಿಲು ದಾಟಿ ಬೀದಿಗೆ ಬಂದಿದೆ. ಟ್ರೇ ಖಾಲಿಯಾಗುವುದನ್ನು ನಾನು ಬರೆಯುವುದಿಲ್ಲ.